ಮುಚ್ಚಬೇಕಾದದ್ದು, ತೆರೆದಿಡಬೇಕಾದದ್ದು

ದೀಪಾವಳಿ ಮುಗಿಯಿತೆಂದರೆ ನಮ್ಮ ಸೀಮೆಯ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಅನೇಕರು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡ ಕೆಲಸಕ್ಕೆ ಗೋವಾಕ್ಕೆ ಹೋಗುತ್ತಾರೆ. ಶಾಲೆ ತಪ್ಪಬಾರದೆಂದು ಮಕ್ಕಳನ್ನು ಮುತ್ಯಾ, ಆಯಿಯರ ಬಳಿ ಬಿಡುತ್ತಾರೆ. ಅಂಥ ಒಬ್ಬ ಆಯಿ ಮೊನ್ನೆ ನನ್ನನ್ನು ಕೇಳಿದರು: “ನಂದು ಸಣ್ಣ ಮನಿ ತಮ್ಮಾ. ಇದರಾಗ ಎರಡು ಮಕ್ಕಳನ್ನ ಹ್ಯಾಂಗ ಕಾಯ್ಲಿ?”

ಮನೆ ಸಣ್ಣದಾದರೂ ಚಿಂತೆಯಿಲ್ಲ ಆಯಿ. ಮುಚ್ಚಬೇಕಾದದ್ದನ್ನು ಮುಚ್ಚಿ, ತೆರೆದಿಡಬೇಕಾದದ್ದನ್ನು ತೆರೆದಿಟ್ಟರೆ ಆಯಿತು.

ಮೊದಲು ಮುಚ್ಚುವ ಮಾತು. ಹಿಂದೆ ಜೋಳ ತುಂಬಿಡಲು ನೆಲದೊಳಗೆ ಹಗೇವು ಇರುತ್ತಿದ್ದವು. ಅದರ ಬಾಯಿಗೆ ಕಲ್ಲು ಹಾಕಿ, ಮಣ್ಣು ಮುಚ್ಚುತ್ತಿದ್ದರು. ತೆರೆದಾಗ ಮೊದಲು ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ ಎಂದು ಯಾರೂ ಇಳಿಯುತ್ತಿರಲಿಲ್ಲ. ಹಿರಿಯರು ಅಷ್ಟು ಎಚ್ಚರವಾಗಿದ್ದರು.

ಈಗ ಹೊಲದಲ್ಲಿ ಕೊಳವೆಬಾವಿ ಬಂದಿದೆ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ, ಮುಚ್ಚದೇ ಬಿಟ್ಟಿದ್ದ ಕೊಳವೆಬಾವಿಗೆ ಒಂದು ಕೂಸು ಬಿದ್ದದ್ದು ನಿಮಗೆ ನೆನಪಿರಬಹುದು. ರಕ್ಷಣಾ ತಂಡದವರು ಪಕ್ಕದಲ್ಲಿ ನೆಲ ಅಗೆದು, ಕೊಳವೆಯಿಂದ ಆಮ್ಲಜನಕ ಬಿಟ್ಟು, ಸುಮಾರು 20 ತಾಸಿನ ಬಳಿಕ ಕೂಸನ್ನು ಜೀವಂತ ಎತ್ತಿದರು. ಇಡೀ ನಾಡು ನಿಟ್ಟುಸಿರು ಬಿಟ್ಟಿತು. ಎಲ್ಲ ಕೂಸುಗಳಿಗೂ ಆ ಭಾಗ್ಯ ಸಿಕ್ಕಿಲ್ಲ. ನೀರು ಬಾರದ ಕೊಳವೆಬಾವಿಯನ್ನು ನೆಲಮಟ್ಟದವರೆಗೆ ಮಣ್ಣು, ಕಲ್ಲು ಹಾಕಿ ತುಂಬಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಮೇಲೆ ಗೋಣಿಚೀಲ ಹೊದಿಸಿದರೆ ಸಾಲದು. ಅದು ತೂತನ್ನು ಕಾಣದಂತೆ ಮಾಡುತ್ತದೆ ಅಷ್ಟೇ.

ಮನೆಯೊಳಗೂ ಹೀಗೇ. ತೊಗರಿಗೆ ಹೊಡೆಯುವ ಎಣ್ಣಿಯನ್ನು ಕುಡಿಯುವ ನೀರಿನ ಬಾಟಲಿಗೆ ಎಂದೂ ಹಾಕಬೇಡಿ; ಬೀಗದೊಳಗೆ ಇಡಿ. ನೀರಿನ ತೊಟ್ಟಿಗೆ ಮುಚ್ಚಳವಿರಲಿ. ಕಾಲುವೆ, ಕೃಷಿ ಹೊಂಡದ ಕಡೆಗೆ ದೊಡ್ಡವರಿಲ್ಲದೆ ಮಕ್ಕಳು ಹೋಗಬಾರದು. ಹೊಂಡದೊಳಗಿನ ಪ್ಲಾಸ್ಟಿಕ್ ಹಾಳೆ ಜಾರುತ್ತದೆ, ಈಜು ಬಂದವರಿಗೂ ಮೇಲೆ ಹತ್ತಲು ಆಗುವುದಿಲ್ಲ.

ಇನ್ನು ತೆರೆದಿಡುವ ಮಾತು. ತೆರೆದಿರಬೇಕಾದದ್ದು ಮಗುವಿನ ಬಾಯಿ, ನಮ್ಮ ಕಿವಿ. ಬಣವೆಯ ಹತ್ತಿರ ಆಡುವಾಗ ಹುಡುಗನಿಗೆ ಏನೋ ಕಚ್ಚಿತು ಅನ್ನಿ. “ಅಲ್ಲಿಗೆ ಯಾಕ ಹೋಗಿದ್ದಿ?” ಎಂದು ಏಟು ಬೀಳುವ ಮನೆಯಾದರೆ ಅವನು ಸುಮ್ಮನೆ ಮಲಗುತ್ತಾನೆ. ಹಾವೋ ಚೇಳೋ ಆಗಿದ್ದರೆ ಆ ಸುಮ್ಮನಿರುವಿಕೆಯೇ ಜೀವ ತೆಗೆದೀತು. ಪೆಟ್ಟಿನ ಹೆದರಿಕೆಯಿಲ್ಲದ ಹುಡುಗ ಓಡಿ ಬಂದು ಹೇಳುತ್ತಾನೆ, ಆಸ್ಪತ್ರೆಗೂ ಬೇಗ ಮುಟ್ಟುತ್ತಾನೆ. ಬುದ್ಧಿವಾದ ನಾಳೆ ಹೇಳಿದರೂ ನಡೆಯುತ್ತದೆ.

ಮಕ್ಕಳೇ, ಈಗ ನಿಮಗೆ. ಯಾರಾದರೂ ನಿಮ್ಮನ್ನು ನಿಮಗೆ ಬೇಡವಾದ ಹಾಗೆ ಮುಟ್ಟಿದರೆ, “ಯಾರಿಗೂ ಹೇಳಬ್ಯಾಡ” ಅಂದರೆ, ಅದನ್ನೇ ಮೊದಲು ಹೇಳಬೇಕು. ಅವರು ಬಂಧುಗಳಾದರೂ ಸರಿ, ಗುರುತಿನವರಾದರೂ ಸರಿ. ತಪ್ಪು ನಿಮ್ಮದಲ್ಲ. ಆಯಿಗೆ ಹೇಳಿ, ಟೀಚರಿಗೆ ಹೇಳಿ. ಯಾರೂ ಕೇಳದಿದ್ದರೆ 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ; ದುಡ್ಡು ಬೀಳುವುದಿಲ್ಲ, ರಾತ್ರಿಯೂ ಇರುತ್ತದೆ.

ಮುತ್ಯಾ, ಆಯಿಯರೇ, ಮೊಮ್ಮಕ್ಕಳು ಹೇಳಿದ್ದನ್ನು ನಂಬಿ. “ಸುಳ್ಳ ಹೇಳ್ತಿ” ಎಂದು ಒಮ್ಮೆ ಅಂದರೆ ಆ ಬಾಯಿ ಮತ್ತೆ ತೆರೆಯುವುದು ಕಷ್ಟ. ರಾತ್ರಿ ರೊಟ್ಟಿ ಉಣ್ಣುವಾಗ ಟಿವಿ ಆರಿಸಿ, “ಇವತ್ತು ಏನಾತು?” ಎಂದು ಕೇಳಿ. ದೂರದ ಅವ್ವ, ಅಪ್ಪನಿಗೆ ಫೋನ್ ಹಚ್ಚಿದಾಗಲೂ ಮಾರ್ಕ್ಸ್ ವಿಷಯ ಆಮೇಲೆ, ಮಗುವಿನ ಮಾತು ಮೊದಲು.

ಈ ಭಾನುವಾರದ ಕೆಲಸ: ಮುತ್ಯಾನ ಕೈ ಹಿಡಿದು ಮನೆ, ಹಿತ್ತಲು, ಹೊಲ ಸುತ್ತಿ ಬನ್ನಿ. ಮನೆಯ ಚಿಕ್ಕ ಕೂಸಿನ ಎತ್ತರಕ್ಕೆ ಕುಳಿತು ನೋಡಿ. ಕೈಗೆ ಸಿಗಬಾರದ್ದು, ಕಾಲಿಗೆ ಸಿಗಬಾರದ್ದು ಕಂಡರೆ ಪಾಟಿಯ ಮೇಲೆ ಬರೆಯಿರಿ. ಒಂದೊಂದನ್ನೇ ಸರಿಮಾಡಿ ಅಳಿಸುತ್ತ ಹೋಗಿ.