ಗಾಳದ ತುದಿಯ ಬಳಚು

ಬಳಚನ್ನು ಗಾಳಕ್ಕೆ ಸಿಕ್ಕಿಸುವವರ ಪರ ವಹಿಸಿ ಬರೆಯಬೇಕಾದ ದಿನ ಬಂದೀತೆಂದು ನಾನು ಎಣಿಸಿರಲಿಲ್ಲ. ಅದೇನು ವಾದಕ್ಕೆ ಬೀಳುವ ಸಂಗತಿಯೇ? ಆದರೆ ಈಚೆಗೆ ಅಳಿವೆ ಉಳಿಸುವ ಮಾತಾಡುವವರ ನಡುವೆ ಒಂದು ದೂರು ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ. ಬಳಚು ಮೊದಲಿನಷ್ಟು ಸಿಗುತ್ತಿಲ್ಲ. ಸಿಗುವುದನ್ನೂ ಈ ಗಾಳದವರು ಮೀನಿನ ಎರೆಗೆಂದು ಹಾಳು ಮಾಡುತ್ತಾರೆ. ಮೊದಲು ಅದನ್ನು ನಿಲ್ಲಿಸಬೇಕು. ಹೇಳುವವರು ಕೆಟ್ಟವರಲ್ಲ, ಹಲವರು ನನ್ನ ಸ್ನೇಹಿತರೇ. ಆದರೂ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಘಟ್ಟದ ಮೇಲಿನ ಓದುಗರಿಗಾಗಿ ಒಂದು ಮಾತು. ನೀವು ಒಟ್ಟಾಗಿ ಕಪ್ಪೆಚಿಪ್ಪು ಎನ್ನುವುದರಲ್ಲಿ ಹತ್ತಾರು ಜಾತಿಗಳಿವೆ. ಅಘನಾಶಿನಿ ಕಡೆ ಬಳಚು, ಬೆಳಚು ಎನ್ನುವುದು ಕುಂದಾಪುರಕ್ಕೆ ಬಂದರೆ ಮಳಿ, ತುಳುವಿನಲ್ಲಿ ಮರುವಾಯಿ. ಹೊಳೆ ಸಮುದ್ರ ಸೇರುವಲ್ಲಿ, ಉಪ್ಪು ಸಿಹಿ ಬೆರೆಯುವ ನೀರಿನ ಅಡಿಯ ಮರಳು ಕೆಸರಿನಲ್ಲಿ ಹುದುಗಿಕೊಂಡು, ನೀರನ್ನು ಸೋಸಿ ತಿನ್ನುವ ಜೀವ. ಇಳಿತದ ಹೊತ್ತಿಗೆ ಹಾಲಕ್ಕಿ, ಅಂಬಿಗ, ಹರಿಕಂತ್ರರ ಹೆಂಗಸರು ಸೊಂಟದುದ್ದ ನೀರಿನಲ್ಲಿ ನಿಂತು ಕೈಯಿಂದ, ಕಾಲ್ಬೆರಳಿನಿಂದ ತಡವಿ ಇದನ್ನು ಹೆಕ್ಕುತ್ತಾರೆ. ಪೇಟೆಯಲ್ಲಿ ನೂರರ ಲೆಕ್ಕದಲ್ಲಿ ಮಾರಿ, ಅಕ್ಕಿ ಕೊಂಡು ಮನೆಗೆ ಹೋಗುತ್ತಾರೆ.

ಇನ್ನು ಎರೆಯ ವಿಷಯ. ಗಾಳದವನು ಬಳಚನ್ನು ಹೇಗೆ ಬಳಸುತ್ತಾನೆಂದು ಹತ್ತಿರ ಕೂತು ನೋಡಿದವರು ಹಾಳು ಎಂಬ ಶಬ್ದ ಬಳಸಲಾರರು. ಬಳಚಿನ ಮಾಂಸ ಮೆತ್ತಗೆ. ಹೊಟ್ಟೆಯ ಭಾಗಕ್ಕೆ ಕೊಕ್ಕೆ ಚುಚ್ಚಿದರೆ ಒಂದೇ ಅಲೆಗೆ ಕಳಚಿ ಹೋಗುತ್ತದೆ. ಅದರ ನಾಲಿಗೆಯಂಥ ಕಾಲು ಮಾತ್ರ ಗಟ್ಟಿ. ಅದಕ್ಕೆ ಒಮ್ಮೆ ಚುಚ್ಚಿ, ತಿರುಗಿಸಿ ಮತ್ತೊಮ್ಮೆ ಚುಚ್ಚಬೇಕು. ತಾಳ್ಮೆ ಇರುವವರು ಹಿಂದಿನ ರಾತ್ರಿಯೇ ಬಿಡಿಸಿ ಉಪ್ಪು ಹಾಕಿಡುತ್ತಾರೆ. ಬೆಳಗಾಗುವಾಗ ನೀರು ಬಿಟ್ಟು ಮಾಂಸ ಬಿಗಿಯಾಗಿರುತ್ತದೆ. ಇನ್ನು ಕೆಲವರು ತೆಳು ನೂಲಿನಿಂದ ಎರಡು ಸುತ್ತು ಕಟ್ಟುತ್ತಾರೆ. ಚಿಪ್ಪು ಒಡೆದಾಗ ಸುರಿಯುವ ನೀರನ್ನೂ ಚೆಲ್ಲುವುದಿಲ್ಲ, ಮೀನನ್ನು ಕರೆಯುವುದು ಆ ವಾಸನೆಯೇ. ಕೆಸರಿನಲ್ಲಿ ಮೂತಿಯಿಟ್ಟು ಹುಡುಕುವ ಕಾಣೆಗೆ, ಚಿಪ್ಪನ್ನೇ ಕಡಿದು ಪುಡಿ ಮಾಡುವ ದವಡೆಯಿರುವ ಬ್ರೀಮ್ ಜಾತಿಯ ಮೀನಿಗೆ ಬಳಚು ದಿನದ ಊಟ. ಊಟವನ್ನೇ ಎರೆಯಾಗಿಸುವುದು ಗಾಳದ ಅತ್ಯಂತ ಹಳೆಯ ಬುದ್ಧಿ. ನಮ್ಮವರೊಬ್ಬರದೇ ಅಲ್ಲ, ಅಮೆರಿಕದ ಪೂರ್ವ ಕರಾವಳಿಯಲ್ಲೂ ಬಿರುಗಾಳಿ ಎದ್ದು ಚಿಪ್ಪುಗಳು ದಡಕ್ಕೆ ಬಿದ್ದ ಮೇಲೆ ದೊಡ್ಡ ಮೀನು ಅವನ್ನು ತಿನ್ನಲು ಬರುತ್ತದೆಂದು ತಿಳಿದವರು ಅದೇ ಚಿಪ್ಪಿನ ಮಾಂಸ ಸಿಕ್ಕಿಸಿ ಕಾಯುತ್ತಾರೆ.

ಲೆಕ್ಕ ಎಷ್ಟು? ಸೇತುವೆಯ ಕೆಳಗೆ ಬೆಳಗ್ಗೆ ಆರರಿಂದ ಒಂಬತ್ತರವರೆಗೆ ಕೂರುವ ಒಬ್ಬನಿಗೆ ಎರಡು ಬೊಗಸೆ ಬಳಚು ಧಾರಾಳ. ಮನೆಯಲ್ಲಿ ನಾಲ್ಕು ಜನರಿಗೆ ಸುಕ್ಕ ಮಾಡಲು ಇದಕ್ಕಿಂತ ಹೆಚ್ಚು ಬೇಕು. ಕೊಕ್ಕೆಯಿಂದ ಜಾರಿದ ತುಂಡು ಐದು ನಿಮಿಷದಲ್ಲಿ ಏಡಿಯ ಬಾಯಿಗೆ. ಚಿಪ್ಪು ಮರಳಿಗೆ. ಮೀನು ಸಿಕ್ಕರೆ ಸಾರಿಗೆ.

ಈ ದೂರಿನ ಜೊತೆಗೇ ಒಂದು ಪರ್ಯಾಯವನ್ನೂ ಹೇಳುತ್ತಾರೆ, ನನಗೆ ಸಿಟ್ಟು ಬರುವುದು ಅಲ್ಲಿ. ಕೃತಕ ಎರೆ ಬಳಸಬಹುದಲ್ಲ, ಜೀವ ಕೊಲ್ಲುವುದು ಯಾಕೆ? ಕಳೆದ ಚಳಿಗಾಲ ಒಬ್ಬ ಹುಡುಗ, ಶನಿವಾರ ಬಂದು ಭಾನುವಾರ ಹೋಗುವ ಪೈಕಿ, ನನ್ನೆದುರೇ ಒಬ್ಬ ಅಜ್ಜನಿಗೆ ಇದನ್ನು ವಿವರಿಸಿದ. ಅವನ ಡಬ್ಬಿಯಲ್ಲಿ ಹಸಿರು, ಗುಲಾಬಿ ಬಣ್ಣದ ಮೆತ್ತನೆಯ ರಬ್ಬರಿನಂಥ ಮೀನುಗಳು ಸಾಲಾಗಿ ಮಲಗಿದ್ದವು. "ಹೌದನಾ ತಮಾ? ಇದು ಕಡದು ಹೋದ್ರೆ ಯಾರು ತಿಂತ್ರು?" ಎಂದು ಅಜ್ಜ ಕೇಳಿದ. ಹುಡುಗ ನಕ್ಕ, ಉತ್ತರ ಕೊಡಲಿಲ್ಲ. ಉತ್ತರ ಏನೆಂದರೆ ಯಾರೂ ತಿನ್ನಬಾರದು, ಆದರೆ ಮೀನು ನುಂಗುತ್ತದೆ. ಅಂಥ ಮೆತ್ತನೆ ಎರೆಗಳಲ್ಲಿ ಬಹುಪಾಲು ಪಿವಿಸಿ ಪ್ಲಾಸ್ಟಿಕ್. ಕಲ್ಲಿಗೆ ಸಿಕ್ಕಿ, ಕಾಂಡ್ಲದ ಬೇರಿಗೆ ಸಿಕ್ಕಿ ಹರಿದದ್ದು ಅಲ್ಲೇ ಉಳಿಯುತ್ತದೆ. ಅಜ್ಜನ ನೈಲಾನ್ ದಾರ, ಸೀಸದ ಗುಂಡು ಅಳಿವೆಗೆ ಅಮೃತವೆಂದು ನಾನು ಹೇಳುತ್ತಿಲ್ಲ. ಆದರೆ ಮೀನು ಹಿಡಿದು, ಫೋಟೋ ತೆಗೆದು, ತುಟಿ ಹರಿದ ಅದನ್ನು ನೀರಿಗೆ ಬಿಡುವವನು ಮನೆಗೆ ಮೀನು ಒಯ್ಯುವವನಿಗೆ ಜೀವದಯೆಯ ಪಾಠ ಹೇಳುವುದನ್ನು ಮಾತ್ರ ಕೇಳಿಕೊಂಡಿರಲಾರೆ.

ಹಾಗಾದರೆ ಬಳಚು ಎಲ್ಲಿ ಹೋಯಿತು? ಶರಾವತಿಯನ್ನು ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ಆಮೇಲೆ ಕೆಳಗೆ ಗೇರುಸೊಪ್ಪದಲ್ಲಿ ಇನ್ನೊಂದು. ವಿದ್ಯುತ್ತು ತೆಗೆದ ನೀರು ಬೇಸಿಗೆಯಲ್ಲೂ ಹೊಳೆಗೆ ಬಂದು ಬೀಳುತ್ತದೆ. ಅಳಿವೆಗೆ ಉಪ್ಪು ಏರಬೇಕಾದ ತಿಂಗಳುಗಳಲ್ಲಿ ಸಿಹಿನೀರು. ಉಪ್ಪಿನ ಏರಿಳಿತವನ್ನು ನಂಬಿ ಬದುಕುವ ಬಳಚಿಗೆ ಇದು ತಡೆಯದು. ಅಲ್ಲೇ ಪಕ್ಕದ ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಅಲ್ಲಿ ಇವತ್ತಿಗೂ ಇಳಿತಕ್ಕೆ ಹೆಂಗಸರು ಇಳಿಯುತ್ತಾರೆ. ಎರಡೂ ಅಳಿವೆಗಳಲ್ಲಿ ಗಾಳ ಹಾಕುವವರಿದ್ದಾರೆ, ಒಂದೇ ಬಗೆಯ ಕೊಕ್ಕೆ, ಒಂದೇ ಬಗೆಯ ಎರೆ. ವ್ಯತ್ಯಾಸ ಗಾಳದಲ್ಲಿಲ್ಲ ಎಂದು ತಿಳಿಯಲು ವಿಜ್ಞಾನಿಯಾಗಬೇಕಿಲ್ಲ.

ಮರಳಿನ ಕಥೆ ಎಲ್ಲರಿಗೂ ಗೊತ್ತು, ಹೇಳುವ ಧೈರ್ಯ ಕೆಲವರಿಗೆ. ಬಳಚು ಇರುವುದು ಮರಳಿನ ಮೇಲ್ಪದರದಲ್ಲಿ. ಮರಳು ಎತ್ತಿದರೆ ಮನೆ, ಮರಿ ಎಲ್ಲ ಲಾರಿಯಲ್ಲಿ ಹೋಗುತ್ತದೆ. ರಾತ್ರಿ ಎಷ್ಟು ಲಾರಿ ಹೋದವೆಂದು ಎಣಿಸುವುದಕ್ಕಿಂತ ಬೆಳಗ್ಗೆ ಅಜ್ಜನ ತೆಂಗಿನ ಕರಟದಲ್ಲಿ ಎಷ್ಟು ಬಳಚಿದೆ ಎಂದು ಎಣಿಸುವುದು ಸುಲಭ, ಅಪಾಯವೂ ಇಲ್ಲ.

ಎರೆ ಎಂದರೆ ಮೀನನ್ನು ಆಸೆ ತೋರಿಸಿ ಹತ್ತಿರ ಕರೆಯುವುದು ತಾನೆ? ಹಾಗಿದ್ದರೆ ಕಡಲಿನ ಅತಿ ದೊಡ್ಡ ಎರೆ ಎಲ್‌ಇಡಿ ಬೆಳಕು. ಕತ್ತಲ ರಾತ್ರಿಯಲ್ಲಿ ಜನರೇಟರ್ ಹಚ್ಚಿ ಕಡಲಿಗೆ ಬೆಳಕು ಚೆಲ್ಲಿದರೆ ಮರಿ, ತಾಯಿ ಎನ್ನದೆ ಎಲ್ಲವೂ ಬಂದು ಸೇರುತ್ತವೆ, ಬಲೆ ಎಲ್ಲವನ್ನೂ ಬಾಚುತ್ತದೆ. ಕೇಂದ್ರ ಸರ್ಕಾರ 2017ರಲ್ಲೇ ಇದನ್ನು ನಿಷೇಧಿಸಿದೆ. ನಿಷೇಧವಾದ ಮೇಲೂ ನಿಂತಿಲ್ಲವೆಂದು ನಾಡದೋಣಿಯವರು ವರ್ಷವರ್ಷವೂ ಬೀದಿಗೆ ಇಳಿಯುತ್ತಾರೆ. ಆ ಎರೆಯ ಬಗ್ಗೆ ಸಭೆಯಲ್ಲಿ ಯಾರೂ ಗಂಟಲು ಏರಿಸಿದ್ದನ್ನು ನಾನು ಕೇಳಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ದೋಣಿಗಳು ದಡದಲ್ಲಿರುವಾಗ ಬಡವರ ಅಡುಗೆಮನೆಗೆ ಮೀನು ಬರುವುದು ಹೊಳೆಯಿಂದ, ಬೀಸುಬಲೆಯಿಂದ, ಗಾಳದಿಂದ. ಅಳಿವೆಯಲ್ಲಿ ಎರೆ ಹೆಕ್ಕಬಾರದೆಂದು ನಿಯಮ ಮಾಡಿದರೆ ಅದು ಮೊದಲು ತಾಗುವುದು ಈ ಒಲೆಗೆ.

ಗಾಳದವರೆಲ್ಲ ಸಾಧುಗಳಲ್ಲ. ಕಾರಿನಲ್ಲಿ ಬಂದು, ಹೆಂಗಸರ ಬುಟ್ಟಿಯನ್ನೇ ಇಡಿಯಾಗಿ ಕೊಂಡು, ಅರ್ಧ ಬಳಸಿ ಉಳಿದ ಅರ್ಧವನ್ನು ಪ್ಲಾಸ್ಟಿಕ್ ಚೀಲದಲ್ಲೇ ಬಂಡೆಯ ಮೇಲೆ ಕೊಳೆಯಲು ಬಿಟ್ಟು ಹೋಗುವವರನ್ನು ಕಂಡಿದ್ದೇನೆ. ಅವರಿಗೆ ದಂಡ ಹಾಕಿ, ನಾನೇ ರಶೀದಿ ಬರೆದು ಕೊಡುತ್ತೇನೆ. ಬೆರಳ ಉಗುರಿನಷ್ಟು ಸಣ್ಣ ಬಳಚನ್ನು ಹೆಕ್ಕುವುದೂ ತಪ್ಪು, ಅದು ಎರೆಗಾದರೂ ಸಾರಿಗಾದರೂ.

ನಿಯಮ ಬೇಡವೆಂದಲ್ಲ. ಕೇರಳದ ಅಷ್ಟಮುಡಿ ಕಾಯಲಿನಲ್ಲಿ ಅತಿಯಾಗಿ ಬಾಚಿ ಮಂಜ ಕಕ್ಕ ಎಂಬ ಬಳಚು ಕುಸಿದಾಗ ಹೆಕ್ಕುವವರನ್ನು ಓಡಿಸಲಿಲ್ಲ. ಮರಿಗಳ ಕಾಲವಾದ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹೆಕ್ಕುವುದನ್ನು ನಿಲ್ಲಿಸಿದರು, ಸಣ್ಣವು ಸಿಗದಂತೆ ಬಲೆಯ ಕಣ್ಣಿನ ಅಳತೆ ಗೊತ್ತು ಮಾಡಿದರು, ಹೆಕ್ಕುವವರನ್ನೇ ಕೂರಿಸಿಕೊಂಡು ನಡೆಸಿದರು. 2014ರಲ್ಲಿ ಅದಕ್ಕೆ ಎಂಎಸ್‌ಸಿಯ ಅಂತಾರಾಷ್ಟ್ರೀಯ ಪ್ರಮಾಣಪತ್ರ ಬಂತು, ಭಾರತದಲ್ಲಿ ಅದೇ ಮೊದಲನೆಯದು. ಗಾಳದವನ ಎರಡು ಬೊಗಸೆಯ ಬಗ್ಗೆ ಅಲ್ಲಿ ಯಾರೂ ತಲೆ ಕೆಡಿಸಿಕೊಂಡ ಹಾಗಿಲ್ಲ.

2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿತು. ಸಂತೋಷ. ಇನ್ನು ಫಲಕಗಳು ಬರುತ್ತವೆ, ಏನು ಮಾಡಬಾರದೆಂಬ ಪಟ್ಟಿಗಳೂ. ಆ ಪಟ್ಟಿ ಬರೆಯಲು ಕೂರುವವರಿಗೆ ನನ್ನದೊಂದು ಕೋರಿಕೆ. ಇಂಥ ಸಭೆಗಳನ್ನು ಸಾಮಾನ್ಯವಾಗಿ ಬೆಳಗ್ಗೆ ಹನ್ನೊಂದಕ್ಕೆ ಕರೆಯುತ್ತಾರೆ. ಇಳಿತವಿದ್ದರೆ ಆ ಹೊತ್ತಿಗೆ ಬಳಚಿನ ಹೆಂಗಸರು ನೀರಿನಲ್ಲಿರುತ್ತಾರೆ, ಒಂದು ದಿನದ ದುಡಿಮೆ ಬಿಟ್ಟು ಬರುವುದಿಲ್ಲ. ಇಳಿತದ ಹೊತ್ತು ದಿನಕ್ಕೆ ಹತ್ತಿರ ಹತ್ತಿರ 50 ನಿಮಿಷ ಮುಂದೆ ಸರಿಯುತ್ತದೆ. ಅದನ್ನು ನೋಡಿಕೊಂಡು, ಭರತ ತುಂಬಿ ಅವರು ಮನೆಗೆ ಬಂದಿರುವ ಹೊತ್ತಿಗೆ ಸಭೆ ಇಡಿ.