ಕಳವಳಕ್ಕೆ ಗಾಂಜಾ: ಅಗ್ಗದ ಮದ್ದಿನ ದುಬಾರಿ ಬೆಲೆ

ಕಲಬುರಗಿ ಜಿಲ್ಲೆಯಲ್ಲಿ ಗಾಂಜಾ ವಶಪಡಿಸಿಕೊಂಡ ಸುದ್ದಿ ಹೊಸತಲ್ಲ. ಹೊಲದ ಬೆಳೆಯ ನಡುವೆ ಬೆಳೆಸಿದ ಗಿಡಗಳನ್ನು ಕಿತ್ತು ರಾಶಿ ಹಾಕಿ, ಅದರ ಹಿಂದೆ ಅಧಿಕಾರಿಗಳು ನಿಂತ ಚಿತ್ರ ಪ್ರಕಟವಾಗುತ್ತದೆ. ಅಲ್ಲಿಗೆ ವಿಷಯ ಮುಗಿಯುತ್ತದೆ. ಈ ಸರಕನ್ನು ಕೊಳ್ಳುವವರು ಯಾರು, ಏಕೆ ಕೊಳ್ಳುತ್ತಾರೆ ಎಂಬ ವಿಚಾರಣೆ ಅಪರೂಪ. ಪೂರೈಕೆಯ ಬಗ್ಗೆ ಇಷ್ಟೊಂದು ಮಾತನಾಡುವ ನಾವು ಬೇಡಿಕೆಯ ಬಗ್ಗೆ ಮೌನ ವಹಿಸುವುದು, ಅರ್ಥಶಾಸ್ತ್ರ ಓದಿದ ನನಗೆ ವಿಚಿತ್ರವಾಗಿಯೇ ಕಾಣುತ್ತದೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳನ್ನು ಸರ್ಕಾರಿ ಸೇವೆಯ ಅವಧಿಯಲ್ಲಿ ನಾನು ಹತ್ತಿರದಿಂದ ಕಂಡಿದ್ದೇನೆ. ಸಿಮೆಂಟ್ ಕಾರ್ಖಾನೆಗಳು, ಫರಸಿ ಕಲ್ಲಿನ ಗಣಿಗಳು, ಮಳೆಯನ್ನೇ ನಂಬಿದ ತೊಗರಿ ಬೇಸಾಯ, ದುಡಿಮೆಗಾಗಿ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುವ ತಾಂಡಾಗಳು ಇಲ್ಲಿನ ಬದುಕಿನ ಆಧಾರ. ಇವುಗಳಲ್ಲಿ ಯಾವುದೂ ನಾಳೆಯ ಭರವಸೆ ಕೊಡುವುದಿಲ್ಲ. ‘ಇದು ನಶಾ ಅಲ್ರೀ ಸಾಹೇಬ್ರ, ನಿದ್ದಿ ಔಷಧ’ ಎಂದು ಶಹಾಬಾದಿನ ಗಣಿ ಕಾರ್ಮಿಕರೊಬ್ಬರು ಒಮ್ಮೆ ನನಗೆ ಹೇಳಿದ್ದರು. ಸಾಲದ ಯೋಚನೆಯಿಂದ ರಾತ್ರಿ ಎದೆ ಢವಗುಟ್ಟಿ ಎಚ್ಚರವಾಗುವುದು ಆತಂಕದ ಕಾಯಿಲೆಯ ಲಕ್ಷಣವಿರಬಹುದು ಎಂದು ಅವರಿಗೆ ಯಾರೂ ತಿಳಿಸಿರಲಿಲ್ಲ.

ಈ ಸೀಮೆಗೆ ಗಾಂಜಾ ಅಪರಿಚಿತವೇನಲ್ಲ. ನೆರೆಯ ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಭಕ್ತರು ಅದನ್ನು ಪ್ರಸಾದವೆಂದು ಸೇವಿಸುವುದನ್ನು 2020ರಲ್ಲಿ ಪತ್ರಿಕೆಗಳು ವರದಿ ಮಾಡಿದ್ದವು. ಬ್ರಿಟಿಷ್ ಸರ್ಕಾರ ನೇಮಿಸಿದ್ದ 1893–94ರ ಆಯೋಗವೂ ಮಿತವಾದ ಬಳಕೆಯಿಂದ ಹೆಚ್ಚಿನ ಹಾನಿಯಿಲ್ಲವೆಂದೇ ಅಭಿಪ್ರಾಯಪಟ್ಟಿತ್ತು. ಆದರೆ ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಸೇವಿಸುವುದಕ್ಕೂ ಕಳವಳಕ್ಕೆ ಮದ್ದೆಂದು ಪ್ರತಿರಾತ್ರಿ ಚಿಲುಮೆ ಹಿಡಿಯುವುದಕ್ಕೂ ಬಹಳ ಅಂತರವಿದೆ.

ವೈದ್ಯವಿಜ್ಞಾನ ಏನು ಹೇಳುತ್ತದೆ? ಗಾಂಜಾದಲ್ಲಿರುವ ಸಿಬಿಡಿ ಎಂಬ ಅಂಶ ಆತಂಕವನ್ನು ತಗ್ಗಿಸಬಹುದೆಂಬುದಕ್ಕೆ ಸೀಮಿತ ಪುರಾವೆ ಮಾತ್ರ ಇದೆ ಎಂದು ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2017ರ ವರದಿಯಲ್ಲಿ ಹೇಳಿದವು. ಅಮಲೇರಿಸುವ ಟಿಎಚ್‌ಸಿಯ ಸ್ವಭಾವ ಬೇರೆ. ಅಲ್ಪ ಪ್ರಮಾಣದಲ್ಲಿ ಮನಸ್ಸನ್ನು ಸಡಿಲಗೊಳಿಸುವ ಅದೇ ವಸ್ತು, ಪ್ರಮಾಣ ಹೆಚ್ಚಿದಾಗ ದಿಗಿಲು ಹುಟ್ಟಿಸುತ್ತದೆ. ಹೆಚ್ಚು ಸೇವಿಸುವವರಲ್ಲಿ ಚಿತ್ತವಿಕಾರದ ಅಪಾಯ ಏರುತ್ತದೆಂದು ಅದೇ ವರದಿ ಎಚ್ಚರಿಸಿತ್ತು. ಚಿಲುಮೆಗೆ ತುಂಬಿದ ಪುಡಿಯಲ್ಲಿ ಯಾವ ಅಂಶ ಎಷ್ಟಿದೆಯೆಂದು ಮಾರುವವನಿಗೂ ಗೊತ್ತಿರುವುದಿಲ್ಲ. ರೂಢಿಯಾದವನು ಬಿಟ್ಟರೆ ನಿದ್ರಾಹೀನತೆ, ಕಿರಿಕಿರಿ, ಆತಂಕ ಮರುಕಳಿಸುತ್ತವೆ. ಬಿಡುವಾಗಿನ ಈ ಯಾತನೆಯನ್ನೇ ಆತ ಮೂಲ ಕಾಯಿಲೆಯೆಂದು ಭಾವಿಸಿ ಮತ್ತೆ ಅದಕ್ಕೇ ಮೊರೆಹೋಗುತ್ತಾನೆ.

ಹಾಗೆಂದು ಆತನನ್ನು ಜೈಲಿಗೆ ಕಳುಹಿಸುವುದು ಪರಿಹಾರವೇ? 1985ರ ಮಾದಕವಸ್ತು ಕಾಯ್ದೆಯಡಿ ಒಂದು ಕಿಲೋವರೆಗಿನ ಗಾಂಜಾ ‘ಅಲ್ಪ ಪ್ರಮಾಣ’. ಅದನ್ನು ಹೊಂದಿದ್ದಕ್ಕೆ ಒಂದು ವರ್ಷದವರೆಗೆ ಸಜೆ ಅಥವಾ ಹತ್ತು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಆದರೆ ಇದೇ ಕಾಯ್ದೆಯ 64ಎ ಕಲಮು, ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿದ ವ್ಯಸನಿಯು ಸ್ವಇಚ್ಛೆಯಿಂದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಅವನನ್ನು ವಿಚಾರಣೆಗೆ ಗುರಿಪಡಿಸುವಂತಿಲ್ಲ ಎನ್ನುತ್ತದೆ. ಚಿಕಿತ್ಸೆ ಕೈಗೆಟುಕಿದರಷ್ಟೇ ಈ ಕಲಮಿಗೆ ಅರ್ಥ.

ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿದ ಮನೋಚೈತನ್ಯ ಕಾರ್ಯಕ್ರಮದ ಉದ್ದೇಶ ಶ್ಲಾಘನೀಯ. ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬಂದು ರೋಗಿಗಳನ್ನು ನೋಡಬೇಕೆಂಬುದು ಅದರ ಆಶಯ. ಆದರೆ ಮಂಗಳವಾರವೆಂದರೆ ದಿನಗೂಲಿಯವನಿಗೆ ದುಡಿಮೆಯ ದಿನ. ವಾಡಿಯ ಕಾರ್ಮಿಕ ಚಿತ್ತಾಪುರದ ಆಸ್ಪತ್ರೆಗೆ ಹೋಗಿಬರಬೇಕಾದರೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜು ಬೇರೆ. ಔಷಧ ಉಚಿತವಾದರೂ ಚಿಕಿತ್ಸೆ ಉಚಿತವಲ್ಲ. ಹತ್ತಿರದಲ್ಲೇ, ಕೂಲಿ ತಪ್ಪಿಸದೆ ಸಿಗುವುದು ಗಾಂಜಾ. ಬಡವನ ಈ ಲೆಕ್ಕಾಚಾರವನ್ನು ಬರಿಯ ಚಟವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಮಾಡಬೇಕಾದದ್ದು ಅಸಾಧ್ಯವಾದುದೇನಲ್ಲ. ಈ ಐದೂ ಊರುಗಳಲ್ಲಿ ಸಂತೆಯ ದಿನ ಸಂಜೆ ಮನೋವೈದ್ಯರು ಅಥವಾ ತರಬೇತಾದ ಆಪ್ತಸಮಾಲೋಚಕರು ಸಿಗುವಂತಾಗಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಉಚಿತ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416 ಗಣಿಗಳ ಗೇಟಿನಲ್ಲೂ ಬಸ್ ನಿಲ್ದಾಣಗಳಲ್ಲೂ ಕನ್ನಡದಲ್ಲಿ, ಉರ್ದುವಿನಲ್ಲಿ ಕಾಣಬೇಕು. 2013ರ ಕಂಪನಿ ಕಾಯ್ದೆಯಡಿ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ವೆಚ್ಚ ಮಾಡಬೇಕಿದ್ದು, ಈ ನೆಲದ ಸುಣ್ಣದಕಲ್ಲಿನಿಂದ ಲಾಭ ಗಳಿಸುವ ಸಿಮೆಂಟ್ ಉದ್ಯಮ ಆಪ್ತಸಮಾಲೋಚಕರ ವೇತನವನ್ನು ಸುಲಭವಾಗಿ ಭರಿಸಬಲ್ಲದು. ಸಾಗಣೆದಾರರ ಮೇಲೆ ಕಾನೂನಿನ ಕ್ರಮ ಇರಲಿ. ಸೇದುವವನು ಸಿಕ್ಕಾಗ ಮಾತ್ರ ಪೊಲೀಸರು ಮೊದಲು 64ಎ ಕಲಮನ್ನು ಅವನಿಗೆ ಓದಿ ಹೇಳಲಿ. ಆಗ ಅವನನ್ನು ಕಳುಹಿಸಲು ತಾಲ್ಲೂಕಿನಲ್ಲೇ ಒಂದು ಜಾಗವಿರುವಂತೆ ನೋಡಿಕೊಳ್ಳುವುದು ಜಿಲ್ಲಾಡಳಿತದ ಹೊಣೆ.