ಗೃಹಯಂತ್ರ ವಿಚಾರ: ವೇಗ ಕೊಟ್ಟೊಡನೆ ಸೋಲುವ ಎಂಜಿನು

ದೊಡ್ಡಬಳ್ಳಾಪುರ ತಾಲ್ಲೂಕಿನ ದ್ರಾಕ್ಷಿತೋಟದ ಯಜಮಾನರೊಬ್ಬರು ನಮಗೆ ಬರೆದಿರುವ ಕಾಗದದ ಸಾರಾಂಶವಿದು. ಅವರಲ್ಲಿ ಬೆನ್ನಿಗೆ ಹೊತ್ತು ಔಷಧಿ ಹೊಡೆಯುವ ಪೆಟ್ರೋಲು ಯಂತ್ರವೊಂದಿದೆ. ಹಗ್ಗವನ್ನೆಳೆದರೆ ಎರಡನೆಯ ಎಳೆತಕ್ಕೆ ಹೊತ್ತಿಕೊಳ್ಳುವುದು. ನಿಧಾನವಾಗಿ ಬಿಟ್ಟರೆ ತೊಂದರೆಯಿಲ್ಲದೆ ಓಡುವುದು. ಆದರೆ ಔಷಧಿಯನ್ನು ಬೀಸಲೆಂದು ವೇಗವನ್ನು ಪೂರ್ತಿ ಕೊಟ್ಟರೆ, ಏರುವುದಕ್ಕೆ ಬದಲಾಗಿ ಏದುಸಿರು ಬಿಟ್ಟು ಸೋತುಹೋಗುವುದು. ರಿಪೇರಿಯವನು, ಎಂಜಿನನ್ನು ಬಿಚ್ಚಿ ಪಿಸ್ಟನ್ನು ಬದಲಾಯಿಸಬೇಕೆಂದನಂತೆ. ಬಿಚ್ಚಿಸಬೇಕೆ, ಬೇಡವೆ, ಎಂಬುದು ಅವರ ಪ್ರಶ್ನೆ.

ಇದು ಒಬ್ಬರ ಮನೆಯ ಮಾತಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಸುತ್ತಣ ನೆಲವು 2013ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಬೆಂಗಳೂರು ನೀಲಿ ದ್ರಾಕ್ಷಿಯ ಸೀಮೆಗೆ ಸೇರಿದುದು. ಮೋಡ ಮುಸುಕಿ ಜಡಿಮಳೆ ಹಿಡಿದರೆ ಎಲೆಯ ಅಡಿಯಲ್ಲಿ ಬೂಜುರೋಗವು ಕೆಲವೇ ದಿನಗಳಲ್ಲಿ ಹಬ್ಬುವುದು. ಆ ಹೊತ್ತಿನಲ್ಲಿ ಯಂತ್ರವು ಒಂದು ವಾರ ರಿಪೇರಿ ಅಂಗಡಿಯಲ್ಲಿ ಕುಳಿತರೆ, ನಷ್ಟವು ಪಿಸ್ಟನ್ನಿನ ಬೆಲೆಯಷ್ಟೇ ಅಲ್ಲ, ವರ್ಷದ ಫಸಲೂ ಹೌದು.

ಮೊದಲು ಅರಿಯತಕ್ಕ ತತ್ತ್ವವೊಂದಿದೆ. ಹೊಟ್ಟೆಗಿಲ್ಲದ ಎತ್ತು ಬರಿಗಾಡಿಯನ್ನು ಎಳೆದುಕೊಂಡು ಹೋಗಬಲ್ಲುದು. ಹೇರು ಏರಿಸಿದಾಗಲೇ ಅದು ಮಂಡಿಯೂರುವುದು. ಎಂಜಿನೂ ಹಾಗೆಯೇ. ಕಾರ್ಬುರೇಟರಿನಲ್ಲಿ ನಿಧಾನದ ಓಟಕ್ಕೆ ಪೆಟ್ರೋಲು ಕೊಡುವ ಸಣ್ಣ ದಾರಿ ಬೇರೆ, ಪೂರ್ಣ ವೇಗಕ್ಕೆ ಕೊಡುವ ದೊಡ್ಡ ದಾರಿ ಬೇರೆ. ನಿಧಾನದಲ್ಲಿ ಸರಾಗವಾಗಿ ಓಡಿ ವೇಗದಲ್ಲಿ ಸೋಲುವ ಎಂಜಿನಿನ ಒಡಲು ಬಹುಮಟ್ಟಿಗೆ ಗಟ್ಟಿಯಾಗಿಯೇ ಇದ್ದು, ಅದಕ್ಕೆ ಅನ್ನವೋ ಉಸಿರೋ ಕಿಡಿಯೋ ಸಾಲದೆ ಇರುವುದು, ಇಲ್ಲವೆ ಹೊಗೆ ಹೋಗುವ ದಾರಿ ಕಟ್ಟಿರುವುದು. ಪಿಸ್ಟನ್ನು ಸವೆದಿದ್ದರೆ ಹೊತ್ತಿಕೊಳ್ಳುವುದೇ ಪ್ರಯಾಸವಾಗುವುದು. ಹಗ್ಗವನ್ನು ಮೆಲ್ಲಗೆ ಎಳೆದಾಗ ಕೈಗೆ ತಕ್ಕ ಬಿಗಿಯೂ ತೋರದು. ಆದುದರಿಂದ ಒಡಲನ್ನು ಬಿಚ್ಚುವುದು ಕಟ್ಟಕಡೆಯ ಕೆಲಸ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ?

ಆದರೆ ಒಂದು ಎಚ್ಚರಿಕೆ. ಸೋಲುತ್ತಿರುವ ಯಂತ್ರವನ್ನು ‘ಹೇಗೋ ಇವತ್ತಿನ ಕೆಲಸ ಮುಗಿಯಲಿ’ ಎಂದು ವೇಗ ಒತ್ತಿ ಹಿಡಿದು ದುಡಿಸಬಾರದು. ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಿ ಹಾಕುವ ಟೂ-ಸ್ಟ್ರೋಕ್ ಎಂಜಿನುಗಳಿಗೆ ಪೆಟ್ರೋಲಿನೊಡನೆಯೇ ಎಣ್ಣೆಯೂ ಬರತಕ್ಕದ್ದು. ಪೆಟ್ರೋಲು ಕಡಿಮೆಯಾದರೆ ಎಣ್ಣೆಯೂ ಕಡಿಮೆಯಾಗಿ, ಕಾವು ಏರಿ, ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಳ್ಳುವುದು. ಇಲ್ಲದ ರೋಗವನ್ನು ಹೀಗೆ ನಾವೇ ತಂದುಕೊಂಡಂತಾಗುವುದು.

ಪರೀಕ್ಷೆಗೆ ತೊಡಗುವ ಮುನ್ನ ಯಂತ್ರಕ್ಕೆ ಅಂಟಿದ ಔಷಧಿಯನ್ನು ತೊಳೆಯಬೇಕು. ಎಂಜಿನನ್ನು ಆರಲು ಬಿಟ್ಟು, ಪ್ಲಗ್ಗಿನ ಟೋಪಿಯನ್ನು ಕಿತ್ತು, ಒಲೆ ಬೀಡಿಗಳಿಂದ ದೂರವಾಗಿ ಬಯಲಿನಲ್ಲಿ ಕೂರಬೇಕು. ಬಳಿಕ ಈ ಕ್ರಮದಲ್ಲಿ ನೋಡತಕ್ಕದ್ದು.

ಒಂದನೆಯದು, ಟ್ಯಾಂಕಿನ ಮುಚ್ಚಳ. ಅದರಲ್ಲಿ ಗಾಳಿಯಾಡಲು ಸಣ್ಣ ರಂಧ್ರವೊಂದಿರುವುದು. ಧೂಳಿನಿಂದ ಅದು ಮುಚ್ಚಿದರೆ ಪೆಟ್ರೋಲು ಇಳಿದಂತೆಲ್ಲ ಟ್ಯಾಂಕಿನೊಳಗೆ ಗಾಳಿ ವಿರಳವಾಗಿ, ಪೆಟ್ರೋಲು ಇಳಿಯುವುದೇ ನಿಲ್ಲುವುದು. ಐದು ಹತ್ತು ನಿಮಿಷ ಚೆನ್ನಾಗಿ ಓಡಿ, ಸೋತು, ಮುಚ್ಚಳವನ್ನು ಸಡಿಲಿಸಿದೊಡನೆ ಚೇತರಿಸಿಕೊಂಡರೆ ದೋಷವು ಇಲ್ಲಿಯೇ ಎಂದು ತಿಳಿಯಬೇಕು. ಈ ಪರೀಕ್ಷೆಯನ್ನು ಯಂತ್ರವನ್ನು ನೆಲದ ಮೇಲಿಟ್ಟು ಮಾಡಬೇಕೇ ಹೊರತು ಬೆನ್ನಿನ ಮೇಲಲ್ಲ.

ಎರಡನೆಯದು, ಟ್ಯಾಂಕಿನೊಳಗಿನ ಫಿಲ್ಟರು ಮತ್ತು ರಬ್ಬರು ಕೊಳವೆ. ಫಿಲ್ಟರು ಕೊಳೆಯಿಂದ ಕಪ್ಪಾಗಿದ್ದರೆ ಬದಲಾಯಿಸಬೇಕು. ಕೊಳವೆಯು ಮೆತ್ತಗಾಗಿದ್ದರೆ ಎಂಜಿನು ಎಳೆದಾಗ ಒಳಕ್ಕೆ ಚಪ್ಪಟೆಯಾಗುವುದು. ಸೀಳಿದ್ದರೆ ಪೆಟ್ರೋಲಿಗೆ ಬದಲು ಗಾಳಿಯನ್ನು ಹೀರುವುದು.

ಮೂರನೆಯದು, ಗಾಳಿಯ ಫಿಲ್ಟರು ಮತ್ತು ಚೋಕು. ಧೂಳು ಮೆತ್ತಿದ ಫಿಲ್ಟರಿನಿಂದ ಉಸಿರು ಕಟ್ಟಿ ಕರಿಹೊಗೆ ಬರುವುದು. ಪ್ಲಗ್ಗು ಕಪ್ಪಾಗಿ ಒದ್ದೆಯಾಗುವುದು. ಸ್ಪಂಜಾದರೆ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಬಹುದು. ಚೋಕು ಪೂರ್ತಿ ತೆರೆದಿದೆಯೇ ಎಂಬುದನ್ನೂ ನೋಡಬೇಕು. ಇನ್ನೊಂದು ಸುಲಭವಾದ ಪರೀಕ್ಷೆಯಿದೆ: ಎಂಜಿನು ಸೋಲುವಾಗ ಚೋಕನ್ನು ಅರೆಯಷ್ಟು ಮುಚ್ಚಿದರೆ ಬಲ ಹೆಚ್ಚಿತೆಂದಾದಲ್ಲಿ, ಅದು ಪೆಟ್ರೋಲಿಗೆ ಹಸಿದಿದೆ ಎಂದು ನಿಶ್ಚಯಿಸಬಹುದು, ಬಲ ಮತ್ತಷ್ಟು ಕುಗ್ಗಿದರೆ ಹಸಿವಲ್ಲ, ಬೇರೆ ಕಾರಣವನ್ನು ಹುಡುಕಬೇಕು.

ನಾಲ್ಕನೆಯದು, ಹೊಗೆಯ ದಾರಿ. ಅನೇಕ ಯಂತ್ರಗಳ ಸೈಲೆನ್ಸರಿನ ಬಾಯಲ್ಲಿ ಕಿಡಿ ತಡೆಯುವ ಸಣ್ಣ ಜಾಲರಿಯಿರುವುದು. ಎಣ್ಣೆ ಹೆಚ್ಚಾಗಿ ಬೆರೆಸಿದರೆ ಅದರಲ್ಲಿ ಮಸಿ ಕಟ್ಟುವುದು. ಒಳಗಿನ ಹೊಗೆ ಹೊರಹೋಗದೆ ಹೊಸ ಗಾಳಿಗೆ ಎಡೆಯೆಲ್ಲಿ? ಜಾಲರಿಯನ್ನು ತೆಗೆದು ತಂತಿಯ ಬ್ರಷ್ಷಿನಿಂದ ಉಜ್ಜಿ ತಿರುಗಿ ಹಾಕಬೇಕು. ಬಿಸುಡಬಾರದು, ಒಣಹುಲ್ಲಿಗೆ ಕಿಡಿ ತಗಲೀತು.

ಐದನೆಯದು, ಪ್ಲಗ್ಗು. ಹೆಚ್ಚು ಒತ್ತಡದಲ್ಲಿ ಕಿಡಿ ಹಾರುವುದು ಕಷ್ಟ. ಆದುದರಿಂದ ದುರ್ಬಲವಾದ ಕಿಡಿಯು ನಿಧಾನದಲ್ಲಿ ಸಾಕಾದರೂ ವೇಗದಲ್ಲಿ ತಪ್ಪುವುದು. ಸಣ್ಣ ಎಂಜಿನುಗಳಲ್ಲಿ ಸಾಮಾನ್ಯವಾಗಿ 0.6ರಿಂದ 0.7 ಮಿಲ್ಲಿಮೀಟರು ಎಡೆ ಇರಬೇಕು. ಕಾದ ಮೇಲೆ ಮಾತ್ರ ಸೋತು, ಆರಿದ ಮೇಲೆ ಸರಿಯಾದರೆ ಕಾಯಿಲಿನ ಮೇಲೂ ಸಂಶಯ ಪಡಬೇಕು.

ಇಷ್ಟಕ್ಕೂ ಸರಿಹೋಗದಿದ್ದರೆ ಕಾರ್ಬುರೇಟರಿನ ದೊಡ್ಡ ಜೆಟ್ಟು ಕಟ್ಟಿರಬೇಕು, ಇಲ್ಲವೆ ಅದರ ರಬ್ಬರು ಪೊರೆ ಗಡುಸಾಗಿರಬೇಕು. ಇದನ್ನು ಬಲ್ಲವರಿಂದ ಮಾಡಿಸುವುದೇ ಲೇಸು. ಜೆಟ್ಟನ್ನು ಊದಿ ತೊಳೆಯಬೇಕೇ ವಿನಾ ತಂತಿಯಿಂದ ಚುಚ್ಚಬಾರದು. ಹಿತ್ತಾಳೆಯ ರಂಧ್ರ ಹಿಗ್ಗಿದರೆ ಅಳತೆಯೇ ಕೆಡುವುದು.

ಈ ಕ್ರಮವು ತೋಟಕ್ಕಷ್ಟೇ ಸಲ್ಲುವುದಲ್ಲ. ಮಲ್ಪೆ, ಗಂಗೊಳ್ಳಿ, ಉಳ್ಳಾಲಗಳ ನಾಡದೋಣಿಗಳ ಹಿಂಭಾಗಕ್ಕೆ ಬಿಗಿಯುವ ಎಂಜಿನುಗಳಲ್ಲಿಯೂ ಇದೇ ರೋಗ ಕಾಣುವುದು. ಅಲ್ಲಿ ಟ್ಯಾಂಕಿನಿಂದ ಬರುವ ಕೊಳವೆಯ ನಡುವೆ ಕೈಯಿಂದ ಹಿಸುಕುವ ರಬ್ಬರು ಉಂಡೆಯೊಂದುಂಟು. ದೋಣಿಯು ಸೋಲುವಾಗ ಅದನ್ನು ಹಿಸುಕಿದರೆ ವೇಗ ಮರಳಿತೆಂದಾದಲ್ಲಿ ಕೊರತೆಯು ಟ್ಯಾಂಕು, ಕೊಳವೆ, ಪಂಪುಗಳ ಕಡೆಗಿದೆ ಎಂದರ್ಥ. ಎಂಜಿನು ಜೋರಾಗಿ ಕೂಗಿದರೂ ದೋಣಿ ಮಾತ್ರ ಮುಂದುವರಿಯದಿದ್ದರೆ, ಎಂಜಿನಿನ ದೋಷವಲ್ಲ; ನೀರಿನಲ್ಲಿ ತಿರುಗುವ ರೆಕ್ಕೆಯ ನಡುವಣ ರಬ್ಬರು ಜಾರುತ್ತಿರಬಹುದು. ತೋಟದಲ್ಲಿ ಯಂತ್ರ ನಿಂತರೆ ಕೆಲಸ ನಿಲ್ಲುವುದು. ಅಳಿವೆಯ ಬಾಯಲ್ಲಿ, ಅಲೆಗಳ ನಡುವೆ ನಿಂತರೆ ಪ್ರಾಣಕ್ಕೇ ಸಂಚು. ಆದುದರಿಂದ ಪರೀಕ್ಷೆಯೆಲ್ಲವೂ ದಡದಲ್ಲಿಯೇ ಆಗತಕ್ಕದ್ದು.

ರೋಗ ಬಾರದಂತೆ ನೋಡಿಕೊಳ್ಳುವುದು ಇನ್ನೂ ಮೇಲು. 2025ರ ಹೊತ್ತಿಗೆ ನಮ್ಮ ದೇಶದ ಬಂಕುಗಳಲ್ಲಿ ನೂರಕ್ಕೆ 20 ಪಾಲು ಎಥನಾಲು ಬೆರೆತ ಪೆಟ್ರೋಲು ಸಾಮಾನ್ಯವಾಯಿತು. ಎಥನಾಲು ಗಾಳಿಯ ತೇವವನ್ನು ಹೀರತಕ್ಕ ದ್ರವ. ತೇವ ಮಿತಿಮೀರಿದರೆ ನೀರೂ ಎಥನಾಲೂ ಕೂಡಿ ಟ್ಯಾಂಕಿನ ತಳಕ್ಕಿಳಿಯುವುವು. ಕೊಳವೆಯು ಹೀರುವುದೂ ತಳದಿಂದಲೇ. ಹಳೆಯ ರಬ್ಬರಿಗೂ ಇದು ಒಗ್ಗದು. ಹೀಗಿರಲು, ಔಷಧಿ ಹೊಡೆಯುವ ಕಾಲ ಮುಗಿದೊಡನೆ ಟ್ಯಾಂಕನ್ನು ಬರಿದುಮಾಡಿ, ಕಾರ್ಬುರೇಟರಿನಲ್ಲಿ ಉಳಿದುದು ತೀರುವವರೆಗೆ ನಿಧಾನವಾಗಿ ಓಡಿಸಿ ನಿಲ್ಲಿಸಬೇಕು. ಎಣ್ಣೆಯ ಪ್ರಮಾಣವು ಯಂತ್ರದೊಡನೆ ಬಂದ ಪುಸ್ತಕದಲ್ಲಿ ಹೇಳಿದಂತಿರಬೇಕು. 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲ್ಲಿಲೀಟರು, 25ಕ್ಕೆ 1 ಎಂದಿದ್ದರೆ 40. ಕೈಯಂದಾಜು ಸಲ್ಲದು.

ಕಾಗದ ಬರೆದ ಯಜಮಾನರಿಗೆ ನಮ್ಮ ಉತ್ತರವಿಷ್ಟೆ: ಸದ್ಯಕ್ಕೆ ಬಿಚ್ಚಿಸಬೇಡಿರಿ. ಮುಚ್ಚಳದಿಂದ ಮೊದಲಿಟ್ಟು ಒಂದೊಂದನ್ನೇ ನೋಡುತ್ತ ಬನ್ನಿರಿ. ಒಮ್ಮೆಗೆ ಒಂದನ್ನು ಮಾತ್ರ ಸರಿಪಡಿಸಿ ಓಡಿಸಿ ನೋಡಿರಿ. ಆಗಲೂ ಗುಣ ಕಾಣದಿದ್ದರೆ, ನೋಡಿದುದೆಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ರಿಪೇರಿಯವನ ಕೈಗೆ ಕೊಡಿರಿ. ಆ ಚೀಟಿಯು ಅವನ ಅರ್ಧ ದಿನವನ್ನೂ ತಮ್ಮ ಹಣವನ್ನೂ ಉಳಿಸುವುದು.